ತೂತು ನಿಲ್ಲದ ಬಾಗಿಲು

ಮಿಸುನ್ ಬೆರಳಿಗೆ ಉಗುಳು ಹಚ್ಚಿ ಬಾಗಿಲ ಕಾಗದಕ್ಕೆ ಒತ್ತಿದಳು. ತೂತಾಯಿತು. ಬಗ್ಗಿ ಕಣ್ಣಿಡುವಷ್ಟರಲ್ಲಿ ಅಂಚಿನ ನಾರುಗಳು ಒಂದನ್ನೊಂದು ಹುಡುಕಿ ಹೆಣೆದುಕೊಂಡವು. ಕಾಗದ ಮತ್ತೆ ನುಣ್ಣಗಾಯಿತು.

"ಥೂ, ಮಾನಗೆಟ್ಟದ್ದು!"

ಅದು 2061ರ ಶರತ್ಕಾಲ. ಕೊರಿಯಾದ ಜಿಯೊಂಜು ನಗರದಲ್ಲಿ ಆ ಸಂಜೆಯೇ ಅವಳ ಪ್ರದರ್ಶನ. ಹಿಂದೆ ಅಲ್ಲಿ ಮದುವೆಯ ರಾತ್ರಿ ನೆಂಟರು ಹೊಸ ಜೋಡಿಯ ಕೋಣೆಯ ಕಾಗದದ ಬಾಗಿಲನ್ನು ಬೆರಳಿನಿಂದ ತೂತು ಮಾಡಿ ಇಣುಕುತ್ತಿದ್ದರು. ಮೊಳೆಯಿಲ್ಲದೆ ಜೋಡಿಸಿದ ಪೈನ್ ಮರದ ಜಾಲರಿಗೆ ಕಾಗದ ಹಚ್ಚಿ, ಮಿಸುನ್ ಆ ಬಾಗಿಲನ್ನೇ ಮರಳಿ ಕಟ್ಟಿದ್ದಳು. ಬಂದವರು ಮಾಡುವ ತೂತುಗಳೇ ಅವಳ ಕಲಾಕೃತಿ. ತೂತು ನಿಲ್ಲದಿದ್ದರೆ ಅದು ಬರೀ ಬಾಗಿಲು.

ತಾನೇ ಕೂಡಿಕೊಳ್ಳುವ ಈ ಕಾಗದವನ್ನು ಕಂಡುಹಿಡಿದ ಡಾ. ತೇಗಾನ್‌ನನ್ನು ಕರೆಸಿದಳು. ಸೆಲ್ಯುಲೋಸ್, ಅಂದರೆ ಗಿಡಗಳ ನಾರಿನ ವಸ್ತುವನ್ನು ನೇಯುವ ಬ್ಯಾಕ್ಟೀರಿಯಾಗಳನ್ನು ಅವನು ಕಾಗದದೊಳಗೇ ನೆಲೆಗೊಳಿಸಿದ್ದ.

"ಉಗುಳು ಹಚ್ಚಿದ್ರಾ? ತೇವ ಸಿಕ್ಕಿದ್ರೆ ಅವಕ್ಕೆ ಎಚ್ಚರ ಆಗುತ್ತೆ, ಮೇಡಂ. ಒಣ ಬೆರಳಲ್ಲಿ ಚುಚ್ಚಿ."

"ಒಣ ಬೆರಳು ಪರ್ ಅಂತ ಸದ್ದು ಮಾಡುತ್ತೆ ಡಾಕ್ಟ್ರೇ! ಇಣುಕೋರು ಒಳಗಿದ್ದೋರಿಗೆ ಗೊತ್ತಾಗೋ ಹಾಗೆ ಇಣುಕ್ತಾರಾ?"

"ಹಾಗಾದ್ರೆ ಹಳೇ ಕಾಗದ ತಂದ್ಬಿಡಿ."

"ಎಲ್ಲಿಂದ ತರ್ಲಿ? ನಿಮ್ಮದು ಬಂದ ಮೇಲೆ ಮಾಡೋರೇ ಇಲ್ಲ."

ಅವಳು ಹಾಳೆಯನ್ನು ಕಿತ್ತು, ಮೇಜಿನ ಮೇಲೆ ಹಾಸಿ, ಇಸ್ತ್ರಿಪೆಟ್ಟಿಗೆ ಕಾಯಿಸಿದಳು.

"ಅಯ್ಯೋ, ಸತ್ತೇಹೋಗ್ತವೆ!"

"ಸಾಯ್ಲಿ. ಕೋಟು ಬಿಚ್ಚಿ, ಬನ್ನಿ ಇಲ್ಲಿ."

ಇಸ್ತ್ರಿಯಾದ ಹಾಳೆಗೆ ಗೋಧಿಹಿಟ್ಟಿನ ಅಂಟು ಬಳಿದು, ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಬಟ್ಟೆ ಹಿಂಡುವವನಂತೆ ಬಿಗಿಯಾಗಿ ಹಿಡಿದ. ಮೂಲೆ ಹರಿಯಿತು.

"ಎಳೀಬೇಡ್ರೀ! ಮನೇಲಿ ಯಾವತ್ತೂ ಬಾಗಿಲಿಗೆ ಕಾಗದ ಹಚ್ಚಿಲ್ವಾ?"

"ಚಿಕ್ಕಂದಿನಲ್ಲಿ. ವರ್ಷಕ್ಕೊಂದು ಸಲ ಎಲ್ಲರೂ ಸೇರ್ತಿದ್ವಿ. ನಾನು ಹಿಡಿದ ಕಡೆಯೇ ಹರಿಯೋದು, ಎಲ್ರೂ ಬೈಯೋರು." ತುದಿ ಬಿಡದೆಯೇ ಸೇರಿಸಿದ: "ಅದಕ್ಕೇ ಇದನ್ನ ಮಾಡಿದ್ದು."

ಮಿಸುನ್‌ಗೆ ಬೈಗುಳ ಬಾಯಿಗೆ ಬಂದಿತ್ತು, ನುಂಗಿಕೊಂಡಳು. "ಒಬ್ಬರ ಕೈಲಿ ಆಗೋ ಕೆಲ್ಸ ಅಲ್ಲ ಇದು. ಸಡಿಲ ಬಿಡಿ. ಹಾಂ, ಹಾಗೆ."

ಸಂಜೆ ಜನ ಬಂದರು, ಬೆರಳಿಗೆ ಉಗುಳು ಹಚ್ಚಿದರು, ಇಣುಕಿ ನಕ್ಕರು. ತೂತುಗಳು ಉಳಿದವು. ಎಲ್ಲಕ್ಕಿಂತ ದೊಡ್ಡ ತೂತು ತೇಗಾನ್‌ನದು. ಅದನ್ನು ಮುಚ್ಚುವುದು ಹೇಗೆಂದು ಅವನು ಪಕ್ಕದವರನ್ನು ಕೇಳುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ. ಅವನ ಕಾಗದ ಬಂದ ಮೇಲೆ, ಇಪ್ಪತ್ತು ವರ್ಷಗಳಿಂದ, ಆ ಊರಿನಲ್ಲಿ ಒಂದು ಬಾಗಿಲೂ ಹರಿದಿರಲಿಲ್ಲ. ಇನ್ನೊಂದು ತುದಿ ಹಿಡಿಯಲು ಯಾರೂ ಯಾರನ್ನೂ ಕರೆದಿರಲಿಲ್ಲ.