ಶಾವಿಗೆಯ ಬಾಳವ್ವ ಮತ್ತು ಟೊಳ್ಳು ಸೂಜಿಯ ಕೋಟೆ

ನದಿಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಪೊರೆನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ನಾಲ್ಕು ಊರು. ನಾಲ್ಕೂ ಊರಿನ ಗೋಡೆ ಕಲ್ಲಿನದಲ್ಲ, ಮಣ್ಣಿನದಲ್ಲ, ಜೀವವಿದ್ದ ಗೋಡೆ. ಅದು ಉಸಿರಾಡುತ್ತಿತ್ತು, ಬೇಸಿಗೆಯಲ್ಲಿ ಬೆವರುತ್ತಿತ್ತು. ಊರಿಗೊಬ್ಬ ಗೋಡೆಗಾವಲುಗಾರ. ಅವನು ಅಂಗೈ ಇಟ್ಟು "ತೆರೆದುಕೋ" ಎಂದರೆ ಗೋಡೆ ತೋಳು ಚಾಚಿ ಹೊರಗಿದ್ದದ್ದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಅವನ ಮಾತು ಬಿಟ್ಟು ಅದು ರಾಣಿಯ ಮಾತನ್ನೂ ಕೇಳುತ್ತಿರಲಿಲ್ಲ.

ನಾಲ್ಕನೆಯ ಊರಿನ ಕಾವಲುಗಾರನ ಹೆಸರು ಸಿದ್ರಾಮ. ಅವನಿಗೆ ಇದ್ದವಳು ಅಕ್ಕ ಒಬ್ಬಳೇ, ಬಾಳವ್ವ. ತಾಯಿ ತೀರಿಕೊಂಡಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಒರಳಿನ ಸಣ್ಣ ತೂತುಗಳಿಂದ ಹಿಟ್ಟು ಒತ್ತಿ, ಶಾವಿಗೆ ಮಾಡಿ ಮಾರಿ ಅವನನ್ನು ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವಳ ಶಾವಿಗೆಯ ಎಳೆ ಮೂಗಿನ ಉಸಿರಿಗೆ ಹಾರುವಷ್ಟು ಸಣ್ಣ. ಇದನ್ನು ಊರವರು ಹೇಳುವ ಮೊದಲು ಬಾಳವ್ವನೇ ಹೇಳಿಬಿಡುತ್ತಿದ್ದಳು. ನಾಚಿಕೆ, ಸಂಕೋಚ ಅವಳ ಓಣಿಯಲ್ಲಿ ಹಾಯ್ದು ಹೋದವೂ ಅಲ್ಲ.

ಈ ನಾಡಿನ ಮೇಲೆ ಶಲಾಕನೆಂಬ ಮಾಯಾವಿಯ ಕಣ್ಣು ಬಿತ್ತು. ಅವನ ಕೋಟೆ ಕುಂಬಳಕಾಯಿಯ ಆಕಾರದ್ದು. ಅದಕ್ಕೆ ಒಳಗೊಂದು ಗೋಡೆ, ಹೊರಗೊಂದು ಗೋಡೆ. ಅದು ನೆಲದ ಮೇಲೆ ತೇಲಿಕೊಂಡು ಬಂದು ಊರಿನ ಪಕ್ಕ ನಿಲ್ಲುತ್ತಿತ್ತು. ನಿಂತ ಮೇಲೆ ಅದರ ಮೈಯಿಂದ ಒಂದು ಟೊಳ್ಳು ಸೂಜಿ ಬೆಳೆದು ಊರಗೋಡೆಯನ್ನು ಚುಚ್ಚುತ್ತಿತ್ತು. ಸೂಜಿಯೊಳಗಿಂದ ಮಾಯಾದೂತರು ಬಂದು ಕಾವಲುಗಾರನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಆಗ ಅವನಿಗೆ ವೈರಿಯ ಕೋಟೆ ನೆಂಟರ ದಿಬ್ಬಣದ ಹಾಗೆ ಕಾಣುತ್ತಿತ್ತು. ಮೂರನೆಯ ದಿನ ಹೊತ್ತು ಮುಳುಗುವಾಗ ಅವನೇ "ತೆರೆದುಕೋ" ಎನ್ನುತ್ತಿದ್ದ, ಗೋಡೆ ಕೋಟೆಯನ್ನು ನುಂಗುತ್ತಿತ್ತು, ಊರು ಶಲಾಕನ ಪಾಲಾಗುತ್ತಿತ್ತು. ಹೀಗೆ ಮೂರು ಊರಿನ ಜನ ನಿಂತಲ್ಲೇ ಕಲ್ಲಾದರು. ಎಲ್ಲರಿಗಿಂತ ಮೊದಲು ಕಲ್ಲಾದವನು ಆಯಾ ಊರಿನ ಕಾವಲುಗಾರ.

ಒಂದು ಬೆಳಗ್ಗೆ ಕೋಟೆ ನಾಲ್ಕನೆಯ ಊರಿಗೂ ಬಂತು.

ಮೊದಲ ದಿನ ಸೈನಿಕರು ಸೂಜಿಯನ್ನು ಕೊಡಲಿಯಿಂದ ಕಡಿದರು. ಕೋಟೆಯೊಳಗಿಂದ ಹೊಸ ತುಣುಕುಗಳು ಸೂಜಿಯ ಹೊಟ್ಟೆಯಲ್ಲೇ ಓಡಿ ಬಂದು ತುದಿಗೆ ಒಂದರ ಮೇಲೊಂದು ಕೂತವು. ಸೂಜಿ ಮತ್ತೆ ಬೆಳೆಯಿತು. ಎರಡನೆಯ ದಿನ ಗೋಡೆಯ ತೂತಿಗೆ ಅರಗು ಮೆತ್ತಿದರು. ಸೂಜಿಯ ಐದೆಸಳಿನ ತುದಿ ಪಕ್ಕಕ್ಕೆ ಸರಿದು ಹೊಸ ತೂತು ಕೊರೆಯಿತು. ಮೂರನೆಯ ದಿನ ಬಾಳವ್ವ ತಮ್ಮನ ಎದುರು ಹೋಗಿ ನಿಂತಳು.

"ಸಿದ್ರಾಮಾ, ಉಣ್ಣಾಕ ಬಾರೋ. ಎರಡು ದಿನಾ ಆತು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಯಾರಬೇ ನೀ? ಹಾದಿ ಬಿಡು. ದಿಬ್ಬಣ ಬಂದೈತಿ."

ಬಾಳವ್ವ ಅಲ್ಲೇ ಕುಸಿದು ಕೂತು ಅತ್ತಳು. ಅಳುತ್ತಲೇ ಗೋಡೆಯ ತೂತು ಕಣ್ಣಿಗೆ ಬಿತ್ತು. ಅದರಿಂದ ಬಿಳಿಯ ಎಳೆಯೊಂದು ಇಳಿಯುತ್ತಿತ್ತು. ನೆಲ ಮುಟ್ಟಿದ್ದೇ ಸುತ್ತಿಕೊಂಡು, ಮಡಚಿಕೊಂಡು, ಗಟ್ಟಿಯಾಗಿ, ಮೀಸೆಯ ದೂತನಾಗಿ ಎದ್ದು ನಿಂತಿತು. ಬಾಳವ್ವ ಕಣ್ಣೊರೆಸಿಕೊಂಡಳು.

"ಅಯ್ಯ ಇವನ! ಇದೇನು ಕೋಟೆಯೋ, ಶಾವಿಗಿ ಒರಳೋ?" ಎಂದಳು.

ಆ ಮಾತು ಕೇಳಿ ಊರಿನಲ್ಲೇ ಇದ್ದ ರಾಣಿ ಓಡಿ ಬಂದಳು. "ಏನು ಬೇಕು ಹೇಳು ಬಾಳವ್ವ. ಕುದುರೆ ಕೊಡಲೇ, ಕತ್ತಿ ಕೊಡಲೇ?"

"ಏನೂ ಬ್ಯಾಡ್ರಿ ಅವ್ವಾರ. ಮೂವತ್ತು ವರ್ಷ ಒರಳು ಒತ್ತೀನಿ. ಅದು ಯಾವಾಗ ಕೆಡತೈತಿ ಅಂತ ನನಗ ಗೊತ್ತಿಲ್ಲೇನು?"

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲ ನೀರು ಹೋಗುವ ಕಂಡಿಯಿಂದ ನುಸುಳಿ, ನೇರ ಕೋಟೆಯ ಮುಂದೆ ನಿಂತು ಕೂಗಿದಳು: "ಯಾರದ್ರೀ ಈ ಒರಳು? ಎಳಿ ಒಂದು ದಪ್ಪ, ಒಂದು ಸಣ್ಣ! ನೋಡಾಕ ನಾಚಿಕಿ ಆಗತೈತಿ!"

ಶಲಾಕ ಹೊರಗೆ ಇಣುಕಿದ. ಮೂರು ಊರು ಗೆದ್ದವನಿಗೆ ಯಾರೂ ಹೀಗೆ ಅಂದಿರಲಿಲ್ಲ. "ಎಲೌ ಹೆಂಗಸೇ, ನನ್ನ ಯಂತ್ರವನ್ನು ಹಳಿಯುವೆಯಾ? ಮೂರು ಕೆಲಸ ಕೊಡುತ್ತೇನೆ. ಮಾಡಿದರೆ ಇಲ್ಲೇ ಚಾಕರಿ. ತಪ್ಪಿದರೆ ಕಲ್ಲು."

"ಮೂರಽ ಏನು? ಸಾಕಾಗಂಗಿಲ್ಲ" ಎಂದಳು ಬಾಳವ್ವ.

ಮೊದಲ ಕೆಲಸ ಬಳೆಗಳದು. ಒಳಗೋಡೆಯಲ್ಲೊಂದು ದೊಡ್ಡ ಬಳೆ, ಹೊರಗೋಡೆಯಲ್ಲೊಂದು. ಎರಡರ ತೂತೂ ಒಂದೇ ನೇರಕ್ಕೆ ಬಂದರೆ ಮಾತ್ರ ಸೂಜಿಗೆ ಹಾದಿ. ಶಲಾಕ ಒಂದನ್ನು ಸರಿಸಿ "ಕೂರಿಸು" ಎಂದ. ಬಾಳವ್ವ ಒಂದು ಕಣ್ಣು ಮುಚ್ಚಿ ನೋಡಿದಳು, ಸೊಂಟದಿಂದ ಒಮ್ಮೆ ನೂಕಿದಳು, ಬಳೆ ಕೂತಿತು.

ಎರಡನೆಯ ಕೆಲಸ ಅಳತೆಯದು. ಅಲ್ಲೊಬ್ಬ ಅಳತೆಯ ಭೂತ ಹಗ್ಗ ಹಿಡಿದು ಕೂತಿದ್ದ. ಸೂಜಿ ಗಿಡ್ಡವಾದರೆ ಊರು ಮುಟ್ಟದು, ಉದ್ದವಾದರೆ ಮುರಿಯುವುದು; ಹಗ್ಗದಷ್ಟಾದಾಗ ಅವನು "ಸಾಕು" ಅನ್ನಬೇಕು. "ಹಗ್ಗವಿಲ್ಲದೆ ಅಳೆ" ಎಂದ ಶಲಾಕ. ಬಾಳವ್ವ ಮೊಳ ಹಾಕಿ, ಹನ್ನೊಂದು ಮೊಳ ಮೂರು ಬೆರಳು ಎಂದಳು. ಭೂತ ಹಗ್ಗ ಬಿಟ್ಟು ನೋಡಿದರೆ ಅಷ್ಟೇ ಇತ್ತು. ಅವನ ಮುಖ ಸಣ್ಣದಾಯಿತು.

ಮೂರನೆಯ ಕೆಲಸಕ್ಕೆ ಅವಳನ್ನು ಒಳಮನೆಗೆ ಕಳಿಸಿದರು. ಅಲ್ಲಿ ಸಾಲಾಗಿ ಮುದುಕಿಯರು ಕೂತಿದ್ದರು, ಗೆದ್ದ ಊರುಗಳಿಂದ ಕಲ್ಲಾಗಿಸದೆ ಹಿಡಿದು ತಂದವರು. ಒಬ್ಬೊಬ್ಬಳ ತೊಡೆಯ ಮೇಲೆ ಒಬ್ಬೊಬ್ಬ ದೂತ, ಇನ್ನೂ ಕಣಕದ ಮುದ್ದೆಯ ಹಾಗೆ ಮೆತ್ತಗೆ, ಹಸಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಶಲಾಕ ಒಬ್ಬ ದೂತನನ್ನು ಬಾಳವ್ವನ ತೊಡೆಗೆ ಹಾಕಿದ. "ಇವನನ್ನು ಹದ ಮಾಡಿ ಸೂಜಿಗೆ ಕೊಡು. ಹೊತ್ತು ಮುಳುಗುತ್ತ ಬಂತು, ಈ ಊರಿಗೆ ಇವನೇ ಕೊನೆಯವನು" ಎಂದು ಹೇಳಿ ತಿದಿಯ ರಕ್ಕಸರ ಕಡೆ ಹೋದ. ದೂತರನ್ನು ಸೂಜಿಯೊಳಕ್ಕೆ ಒತ್ತುವವರು ಅವರು.

ಪಕ್ಕದ ಮುದುಕಿ ಪಿಸುಗುಟ್ಟಿದಳು: "ಹಸಿ ಅರಿವಿ ಸರಿಸಬ್ಯಾಡ ಮಗಳ. ಗಾಳಿ ತಾಗಿದ್ರ ಇಲ್ಲೇ ಗಟ್ಟಿ ಆಗ್ತಾನ. ಆಮ್ಯಾಲ ಸೂಜ್ಯಾಗ ಹೋಗಂಗಿಲ್ಲ."

"ಅದಽ ಬೇಕಾಗೈತಿ, ಯಮ್ಮಾ."

"ಆದ್ರ ಆ ಶಲಾಕ ಬೆರಳು ಒತ್ತಿ ನೋಡ್ತಾನ."

ಶಾವಿಗೆ ಕಲಿಯುವ ಹುಡುಗಿಯರು ಮಾಡುವ ತಪ್ಪು ಒಂದೇ: ಮೇಲೆ ನೀರು ಸವರಿ ನಾದುತ್ತಾರೆ, ನಡುವೆ ಒಣಗಂಟು ಉಳಿದಿರುತ್ತದೆ. ಮುಟ್ಟಿದರೆ ಬೆಣ್ಣೆ, ಒತ್ತಿದರೆ ಕಲ್ಲು. ಈ ತಪ್ಪಿಗಾಗಿ ಬಾಳವ್ವ ಎಷ್ಟು ಹುಡುಗಿಯರ ಬೆನ್ನಿಗೆ ಗುದ್ದಿದ್ದಳೋ ಲೆಕ್ಕವಿಲ್ಲ. ಈಗ ಅದನ್ನೇ ಶ್ರದ್ಧೆಯಿಂದ ಮಾಡಿದಳು. ಬಟ್ಟೆ ಬಿಚ್ಚಿ ದೂತನ ನಡುವಿಗೆ ಗಾಳಿ ಬೀಸಿದಳು. ಒಳಗೆ ಎದೆ ಗಟ್ಟಿಯಾಯಿತು, ಪಕ್ಕೆಲುಬು ಮೂಡಿತು. ಮೇಲೆ ನೀರು ಸವರಿ, ತುದಿಯನ್ನು ಮೆತ್ತಗೆ ಎಳೆದು, ಮತ್ತೆ ಸುತ್ತಿದಳು.

ಶಲಾಕ ಬಂದು ತುದಿಯನ್ನು ಬೆರಳಿನಿಂದ ಒತ್ತಿದ. ಬೆಣ್ಣೆ! "ಭೇಷ್" ಎಂದ. ಹುಟ್ಟಿದಾಗಿನಿಂದ ಒಂದು ಮುಷ್ಟಿ ಹಿಟ್ಟು ನಾದಿದವನಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು?

ರಕ್ಕಸರು ತಿದಿ ಒತ್ತಿದರು. ತುದಿ ಸರಾಗ ಹೋಯಿತು. ಮೊದಲ ಬಳೆ ದಾಟಿತು, ಎರಡನೆಯ ಬಳೆ ದಾಟಿತು, ಸೂಜಿಯ ಬಾಯಿಗೆ ಬಂದಾಗ ದೂತನ ಗಟ್ಟಿ ಎದೆ ಸಿಕ್ಕಿಕೊಂಡು ಗಕ್ಕನೆ ನಿಂತಿತು.

ಅತ್ತ ಊರಿನಲ್ಲಿ ಸೂರ್ಯ ದಿಗಂತ ಮುಟ್ಟಿದ್ದ. ಸಿದ್ರಾಮ ಗೋಡೆಯ ಮೇಲೆ ಅಂಗೈ ಇಟ್ಟಿದ್ದ. ಕೊನೆಯ ದೂತನ ಕೊನೆಯ ಪಿಸುಮಾತಿಗಾಗಿ ಕಾಯುತ್ತಿದ್ದ.

"ಒತ್ತಿರೋ!" ಎಂದು ಶಲಾಕ ಚೀರಿದ. ರಕ್ಕಸರು ಒತ್ತಿದರು. ಬಿಗಿದ ಒರಳನ್ನು ಒತ್ತಬಾರದು, ಬಿಚ್ಚಬೇಕು. ಬಾಳವ್ವ ಆ ಮಾತು ಅವನಿಗೆ ಹೇಳಲಿಲ್ಲ. ಮುದುಕಿಯರ ಕೈ ಹಿಡಿದು, "ಬರ್ರಿ ಯಮ್ಮಾ, ಇನ್ನ ಇಲ್ಲಿ ಕೆಲಸಿಲ್ಲ" ಎಂದು ಎಲ್ಲರನ್ನೂ ಬಾಗಿಲಾಚೆ ದಾಟಿಸಿದಳು. ಹಿಂದಿನಿಂದ "ಇನ್ನೂ ಒತ್ತಿ!" ಎಂಬ ಕೂಗು ಬಂತು. ಒಳಗಿನ ಬಳೆ ಕಿತ್ತುಬಂತು, ಹೊರಗಿನ ಬಳೆ ಸಿಡಿಯಿತು, ಎರಡೂ ಗೋಡೆ ಹರಿದವು. ಕೋಟೆ ಒಡೆದು, ಶಲಾಕನೂ ಅವನ ರಕ್ಕಸರೂ ಹೊಗೆಯಾಗಿ ಹೋದರು. ಊರೊಳಗಿದ್ದ ದೂತರು ನಿಂತಲ್ಲೇ ಕರಗಿ ನೀರಾದರು. ಮೂರು ಊರಿನ ಕಲ್ಲುಗಳು ಆಕಳಿಸಿ ಎದ್ದವು.

ಬಾಳವ್ವ ಏದುಸಿರು ಬಿಡುತ್ತ ಗೋಡೆಯ ಬಳಿ ಬಂದಾಗ ಸಿದ್ರಾಮ ತನ್ನ ಕೈಯನ್ನೇ ನೋಡುತ್ತ ಕೂತಿದ್ದ.

"ಅಕ್ಕಾ, ನಾ ಅಂದ್ನೇನು ಅದನ್ನ?"

"ಇಲ್ಲೋ ನನ್ನಪ್ಪಾ. ಗೋಡಿ ಮುಚ್ಚೇ ಐತಿ, ನೀ ಅಂದಿಲ್ಲ."

ಅವನು ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳೂ ಅತ್ತಳು.

ರಾಣಿಗೆ ಸಂತೋಷವೂ ಆಗಿತ್ತು, ಅಂಜಿಕೆಯೂ ಇತ್ತು. "ಬಾಳವ್ವ, ಒಮ್ಮೆ ಮೋಸ ಹೋದವನ ಕೈಗೆ ಗೋಡೆಯನ್ನು ಹೇಗೆ ಕೊಡಲಿ? ಬೇರೆಯವನನ್ನು ನೇಮಿಸುತ್ತೇನೆ."

ಬಾಳವ್ವ ಎದ್ದು ನಿಂತಳು. "ಬ್ಯಾರೆಯವನ ಕಿವಿಗೆ ಆ ದನಿ ಗುರುತಿಲ್ಲರಿ ಅವ್ವಾರ. ನನ್ನ ತಮ್ಮನ ಕಿವಿಗೆ ಗುರುತೈತಿ. ಇನ್ನ ಅದು ಸಾವಿರ ವೇಷ ಹಾಕ್ಕೊಂಡು ಬಂದ್ರೂ ಇವ ಹಿಡೀತಾನ. ಇವನ್ನಽ ಇಡ್ರಿ."

ರಾಣಿ ಹೂಂ ಎಂದಳು. ಸಿದ್ರಾಮ ಹೋಗಿ ಗೋಡೆಯ ಮೇಲೆ ಕೈ ಇಟ್ಟ. ಗೋಡೆಯೂ ಹೆದರಿ ನಡುಗುತ್ತಿತ್ತು. ಅದು ನಿಲ್ಲುವವರೆಗೂ ಅವನು ಕೈ ತೆಗೆಯಲಿಲ್ಲ.

ಅಂದಿನಿಂದ ನಾಲ್ಕು ಊರಿನ ಮಕ್ಕಳು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿದರು. ಆಮೇಲೂ ಎರಡು ಸಲ ಬೇರೆ ಬೇರೆ ಸೂಜಿಗಳು ಪೊರೆನಾಡಿಗೆ ಬಂದವು. ಎರಡು ಸಲವೂ ಮೊದಲ ಪಿಸುಮಾತಿಗೇ ಸಿದ್ರಾಮ ಊರನ್ನು ಎಬ್ಬಿಸಿದ.