ಹೊಗೆಗೂಡಿನ ಎಡಗಾಲ ಬೂಟುಗಳು

"ಆ ಹೊಗೆಗೂಡಿನ ಇಟ್ಟಿಗೆ ಮುಟ್ಟೋ ಮೊದ್ಲು ನಿಮ್ಮ ಎಡಗಾಲಿನ ಹಳೇ ಬೂಟೊಂದನ್ನ ಒಳಗಿಟ್ಬಿಡಿ ಮಾಸ್ಟ್ರೇ. ನಮ್ಮನೆಯವ್ರೂ ಇಟ್ಟಿದ್ರು. ಬೂಟು ಸಿಕ್ರೆ ಅದಕ್ಕೆ ಕಾಲು ಬೇಡ."

ಹೀಗೆಂದವಳು ಕಾಲೇಜಿನ ತೀರಿಕೊಂಡ ಮುಖ್ಯಸ್ಥರ ಹೆಂಡತಿ ಮಿಸೆಸ್ ಲವಿಬಾಂಡ್. ಗಂಡ ಮಣ್ಣಾದ ತಿಂಗಳೊಳಗೆ ಹೆಂಡತಿ ಮುಖ್ಯಸ್ಥರ ಮನೆ ಬಿಡಬೇಕೆಂಬುದು ಕಾಲೇಜಿನ ಕಟ್ಟಳೆ. ಗಂಟುಮೂಟೆ ಕಟ್ಟಿಸಿ ಬಾಗಿಲಲ್ಲಿ ನಿಂತಿದ್ದಳು. ಹೊಸ ಮುಖ್ಯಸ್ಥ ಆಂಬ್ರೋಸ್ ಪೆಲ್ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನು. ಅವನಿಗೆ ನಗು ತಡೆಯಲಾಗಲಿಲ್ಲ.

"ಬೆಕ್ಕಿಗೆ ಹಾಲಿಟ್ಟ ಹಾಗೇನು ತಾಯಿ? ಒಂದು ಕಾಲುಚೀಲಾನೂ ಇಡ್ಲಾ?"

"ನಗಿ. ಮದುಮಗಳಾಗಿ ಬಂದಾಗ ನಾನೂ ನಕ್ಕಿದ್ದೆ," ಎಂದ ಮುದುಕಿ ಎಡಗಾಲನ್ನು ಹೊಸ್ತಿಲಾಚೆ ಮೆಲ್ಲಗೆ ಇಟ್ಟು, ಅದು ಊರಿದ ಮೇಲೆ ನೆಮ್ಮದಿಯ ಉಸಿರು ಬಿಟ್ಟು ಹೊರಟುಹೋದಳು.

ಆ ಕಾಲೇಜಿನಲ್ಲಿ ಮದುವೆಯಾಗುವ ಅಪ್ಪಣೆ ಮುಖ್ಯಸ್ಥನೊಬ್ಬನಿಗೇ. ಮಿಕ್ಕ ಉಪಾಧ್ಯಾಯರು ಹೆಂಡತಿ ಬೇಕೆಂದರೆ ಕೆಲಸ ಬಿಡಬೇಕು. ಅದಕ್ಕೇ ಪಾದ್ರಿಯ ಮಗಳು ಹೆಸ್ಟರ್ ಹತ್ತು ಮೈಲಿ ಆಚೆಯ ಹಳ್ಳಿಯಲ್ಲಿ ಪೆಲ್‌ಗಾಗಿ ಹದಿನೇಳು ವರ್ಷ ಕಾದಿದ್ದಳು. ಬರುವ ಗುರುವಾರ ಮದುವೆ. ಅವಳಿಗೆಂದೇ ಅವನು ನಡುಮನೆಯಲ್ಲಿ ಚಳಿ ಕಾಯಿಸಲು ಬಿಳಿ ಅಮೃತಶಿಲೆಯ ಒಲೆ ತರಿಸಿದ್ದ.

ಬುಧವಾರ ಸಂಜೆ ಅದನ್ನು ಕೂಡಿಸಲು ಗಾರೆಯವರು ಹಳೆಯ ಹೊಗೆಗೂಡಿನ ಬುಡ ಒಡೆದಾಗ ಏಳು ಬೂಟು ಉದುರಿದವು. ಏಳೂ ಎಡಗಾಲಿನವು. ಮಸಿ, ಮುಗ್ಗಲು ಚರ್ಮ, ನೆನೆದ ಪ್ರಾಣಿಯ ವಾಸನೆ. ಊಟಕ್ಕೆ ಬಂದಿದ್ದ, ಮುಖ್ಯಸ್ಥನಾಗಲು ಮುಂದಿನ ಸರದಿಯಲ್ಲಿದ್ದ ಹಿರಿಯ ಉಪಾಧ್ಯಾಯ ಗ್ರಿಗ್ ಮೂಗು ಮುಚ್ಚಿಕೊಂಡ. ಪೆಲ್ ನಗುತ್ತ ಅಲ್ಲೇ ಬೆಂಕಿ ಹೊತ್ತಿಸಿ ಎಲ್ಲವನ್ನೂ ಅದಕ್ಕೆಸೆದ. ಅವು ಚರ್ಮದಂತೆ ಉರಿಯಲಿಲ್ಲ, ಮಾಂಸದಂತೆ ಚಿಟಪಟಿಸಿದವು. ಮೇಲೆ, ಹೊಗೆಗೂಡಿನ ಕತ್ತಲಲ್ಲಿ, ಏನೋ ದೀರ್ಘವಾಗಿ ಉಸಿರೆಳೆದುಕೊಂಡಿತು. ಗಾಳಿ, ಎಂದ ಪೆಲ್.

ಗುರುವಾರ ಬೆಳಗ್ಗೆ ಅಂಗಳದಲ್ಲಿ ಗಾಡಿಯ ಕುದುರೆಗಳು ಗೊರಸು ಕುಟ್ಟುತ್ತಿದ್ದವು. ಪೆಲ್ ಹೊಸ ಕೋಟು ತೊಟ್ಟು ಹೊರಟ. ಬಲಗಾಲು ಹೊಸ್ತಿಲು ದಾಟಿತು. ಎಡಗಾಲು ದಾಟಲಿಲ್ಲ.

ಎಳೆದ. ಕೈಯಿಂದ ಎತ್ತಿದ. ನೋವಿಲ್ಲ, ಮರಗಟ್ಟಿಲ್ಲ. ಯಾರೋ ಬೆಚ್ಚಗೆ ಹಿಡಿದ ಹಾಗೆ ಅಷ್ಟೇ. ಹಿಂಬಾಗಿಲಿಗೆ ಓಡಿದ. ಅಲ್ಲೂ ಅದೇ. ಕಿಟಕಿ ಹತ್ತಿದ. ಅಲ್ಲೂ. ಬೂಟು ಕಿತ್ತು ಹೊಗೆಗೂಡಿಗೆ ತುರುಕಿದ. ದೊಪ್ಪನೆ ವಾಪಸು ಬಿತ್ತು. ಮತ್ತೆ ತುರುಕಿದ. ಮತ್ತೆ ಬಿತ್ತು. ಒಳಗೆ ಕೈಯಿಟ್ಟರೆ ಒದ್ದೆ. ಜೊಲ್ಲು.

ಹನ್ನೆರಡು ಹೊಡೆಯಿತು. ಮದುವೆಯ ಗಳಿಗೆ ಮೀರಿತು.

ಮಧ್ಯಾಹ್ನ ಹೆಸ್ಟರ್ ತಾನೇ ಬಂದಳು, ಮದುವೆಯ ಉಡುಪಿನಲ್ಲೇ. ಅವನು ನೆಲದಲ್ಲಿ ಕುಳಿತು ಎಲ್ಲವನ್ನೂ ತೊದಲುತ್ತ ಹೇಳಿದ. ಹೋಗಿಬಿಡು, ಮುದುಕಿಯನ್ನು ಹುಡುಕಿಸು ಎಂದ. ಅವಳು ಬಗ್ಗಿ ತನ್ನ ಎಡಗಾಲಿನ ರೇಷ್ಮೆ ಬೂಟಿನ ಕೊಕ್ಕೆ ಬಿಚ್ಚತೊಡಗಿದಳು.

"ಬೇಡ ಹೆಸ್ಟರ್. ನಾನದನ್ನ ಹಂಗಿಸಿದೀನಿ. ಅದೀಗ ಬೂಟಿಗೆ ಸುಮ್ನಾಗಲ್ಲ."

"ಹದಿನೇಳು ವರ್ಷ ಹೊರಗೆ ನಿಂತು ಕಾದಿದೀನಿ. ಇನ್ನು ಕಾಯಲ್ಲ."

ಹೊಗೆಗೂಡಿನೊಳಕ್ಕೆ ಎಸೆದಳು. ಆ ಬೂಟು ವಾಪಸು ಬೀಳಲಿಲ್ಲ.

ಅವನ ಕಾಲು ಹಗುರಾಯಿತು. ಓಡಿದ. ಹೊಸ್ತಿಲು ದಾಟಿದ. ಅಂಗಳದ ಬಿಸಿಲಲ್ಲಿ ಮಗುವಿನಂತೆ ನಕ್ಕು, ಬಾ ಎಂದು ತಿರುಗಿ ಕೈಚಾಚಿದ. ಹೆಸ್ಟರ್ ಬಾಗಿಲಲ್ಲಿದ್ದಳು. ಬಲಗಾಲು ಹೊರಗೆ. ಎಡಗಾಲು ಒಳಗೆ.

ಮರುದಿನ ಹೊಸ್ತಿಲ ಮೇಲೆಯೇ ಮದುವೆ ನಡೆಯಿತು. ಮದುಮಗಳ ಕಾಲು ಉಳುಕಿದೆ ಎಂದು ಜನಕ್ಕೆ ಹೇಳಿದರು. ಪೆಲ್ ಊರೂರು ಅಲೆದು ಮುದುಕಿಯನ್ನು ಹುಡುಕಿದ. ಆಕೆ ಬೇಸಿಗೆಯಲ್ಲೇ ತೀರಿಕೊಂಡಿದ್ದಳು.

ಚಳಿಗಾಲಕ್ಕೆ ಪೆಲ್‌ಗೆ ಕೆಮ್ಮು ಹಿಡಿಯಿತು. ತಾನು ಸತ್ತ ತಿಂಗಳೊಳಗೆ ಅವಳು ಮನೆ ಬಿಡಬೇಕು. ಕಟ್ಟಳೆ ಬಿಡದು, ಕಾಲೂ ಬಿಡದು. ಕಾಲೇಜಿನ ಊಟದ ಮೇಜಿನಲ್ಲಿ ಗ್ರಿಗ್ ದ್ರಾಕ್ಷಾರಸದ ಸೀಸೆ ಇತ್ತ ಸರಿಸುತ್ತ ಮೆಲ್ಲಗೆ ಕೇಳಿದ.

"ಕೆಮ್ಮು ಇಳೀಲಿಲ್ವಾ ಮಾಸ್ಟ್ರೇ? ಅಂದ್ಹಾಗೆ, ನಿಮ್ಮ ನಡುಮನೆ ಪರದೆಗೆ ಎಷ್ಟು ಗಜ ಬಟ್ಟೆ ಹಿಡೀತು?"

ಪೆಲ್ ಎದ್ದು ಮನೆಗೆ ನಡೆದ. ಬಿಳಿ ಒಲೆಯ ಮುಂದೆ ಹೆಸ್ಟರ್ ಒಂಟಿ ಬೂಟಿನಲ್ಲಿ ಕುಳಿತಿದ್ದಳು.

"ಕೆಮ್ಮಿದ್ರಾ ಇವತ್ತು?"

"ಇಲ್ವಲ್ಲ," ಎಂದು ಅವನು ಗಂಟಲಿಗೆ ಬಂದಿದ್ದನ್ನು ನುಂಗಿಕೊಂಡ.

ಅವನು ನುಂಗಿದ ಕೆಮ್ಮನ್ನು ಹೊಗೆಗೂಡು ಕೆಮ್ಮಿತು.