ಎಡಗಡೆಯ ಪೈಪು

ಮಾರ್ಚ್ ಹನ್ನೆರಡು, ಬೆಳಗ್ಗೆ ಹತ್ತೂಕಾಲು. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಕಾರಿನ ಮಾಲೀಕ ಠಾಣೆಗೆ ಬಂದು ದೂರು ಬರೆದುಕೊಟ್ಟ. ಹಳೆಯ ಕಾರುಗಳ ರ್‍ಯಾಲಿಗೆಂದು ಸಜ್ಜು ಮಾಡಿಸಿದ್ದ ಅವನ ಪುಟ್ಟ ಬ್ರಿಟಿಷ್ ಕಾರು ಹಿಂದಿನ ದಿನ ಅಭ್ಯಾಸದ ಓಟದಲ್ಲಿ, ಅವನೇ ಓಡಿಸುತ್ತಿದ್ದಾಗ, ಮಗುಚಿಬಿದ್ದಿತ್ತು. ಎಡಗಡೆ ಕೂತು ದಾರಿ ಹೇಳುತ್ತಿದ್ದ ಭಾಮೈದ ಅಲ್ಲೇ ಸತ್ತಿದ್ದ. ಕಾರು ಪಲ್ಟಿ ಹೊಡೆದರೂ ಒಳಗಿನವರು ಜಜ್ಜಿಹೋಗದಂತೆ ಕಾಯಬೇಕಾಗಿದ್ದ ಉಕ್ಕಿನ ಪೈಪುಗಳ ಪಂಜರವೇ ಕುಸಿದಿತ್ತು.

"ವೆಲ್ಡರ್ ತೆಳು ಪೈಪ್ ಹಾಕಿ ಮೋಸ ಮಾಡಿದಾನೆ ಸಾರ್. ಅವನನ್ನ ಒಳಗೆ ಹಾಕಿ."

"ನೀವು ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್.

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ವೆಲ್ಡರ್‌ನನ್ನು ಕರೆತಂದರು. ಅರುವತ್ತರ ಹತ್ತಿರದ ಮನುಷ್ಯ, ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂತ.

"ಸುತ್ತಲೂ ದಪ್ಪದ್ದೇ ಹಾಕಿದ್ದು ಸಾರ್. ಕೊಲೆಗಾರ ಅಂತ ಹೆಸರು ಬಂದ್ರೆ ಈ ಕೈಗೆ ಇನ್ಯಾರು ಕೆಲಸ ಕೊಡ್ತಾರೆ?"

ಇಂಥ ಮಾತನ್ನು ನಂಬಿ ಇನ್ಸ್‌ಪೆಕ್ಟರ್ ಎಷ್ಟೋ ಸಲ ಬೇಸ್ತುಬಿದ್ದಿದ್ದರು. ಅವನನ್ನೂ ಜೀಪಿಗೆ ಹತ್ತಿಸಿಕೊಂಡು ಕಾರು ನೋಡಲು ಹೊರಟರು.

ಮಧ್ಯಾಹ್ನ ಒಂದಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಒಳಗೆ ಪೆಟ್ರೋಲು, ರಕ್ತ ಎರಡೂ ಬೆರೆತ ವಾಸನೆ. ಹೆಡ್ ಕಾನ್‌ಸ್ಟೇಬಲ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಪೈಪುಗಳ ಮೇಲಿನ ಸ್ಪಂಜು ಕಿತ್ತರು. ಬಲಗಡೆಯ ಪೈಪಿನ ದಪ್ಪ ಎರಡೂವರೆ ಮಿಲಿಮೀಟರ್. ಎಡಗಡೆಯದು ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಬಲಗಡೆಯದರಲ್ಲಿ ರ್‍ಯಾಲಿಯ ತಪಾಸಣೆಯವರು ದಪ್ಪ ಅಳೆಯಲು ಕೊರೆದಿದ್ದ ಸಣ್ಣ ತೂತಿತ್ತು. ಫೆಬ್ರವರಿ ನಾಲ್ಕರಂದು ಅಳೆದು, ಪಂಜರ ಸರಿಯಿದೆ ಎಂಬ ಚೀಟಿ ಕೊಟ್ಟಿದ್ದರು. ಒಮ್ಮೆ ಚೀಟಿ ಸಿಕ್ಕಿತೆಂದರೆ ಮತ್ತೆ ಯಾರೂ ಅಳೆಯುವುದಿಲ್ಲ.

ವೆಲ್ಡರ್ ಬಗ್ಗಿ ಎಡಗಡೆಯ ಬೆಸುಗೆ ನೋಡಿದ. ಗುಡ್ಡೆ ಗುಡ್ಡೆಯಾಗಿ ಮೆತ್ತಿಕೊಂಡಿತ್ತು.

"ಇದು ನನ್ನ ಕೈ ಅಲ್ಲ ಸಾರ್. ಹೀಗೆ ಹಚ್ಚಿದ್ರೆ ನಮ್ಮ ಮೇಸ್ತ್ರಿ ಬೆನ್ನು ಮುರೀತಿದ್ರು." ಬಲಗಡೆಯದನ್ನು ತೋರಿಸಿದ. ಅಲ್ಲಿ ಬೆಸುಗೆ ಹೊಲಿಗೆ ಹಾಕಿದಷ್ಟು ಸಾಲಾಗಿತ್ತು.

ವೆಲ್ಡರ್‌ನನ್ನು ಠಾಣೆಗೆ ವಾಪಸ್ ಕಳಿಸಿ, ನಾಲ್ಕು ಗಂಟೆಗೆ ಮಾಲೀಕನ ಮನೆ. ಶೆಡ್ಡಿನಲ್ಲಿ ವೆಲ್ಡಿಂಗ್ ಯಂತ್ರ ಸಿಕ್ಕಿತು. ಗೇಟು ರಿಪೇರಿಗೆ ಎಂದ ಮಾಲೀಕ. ಹಿತ್ತಲಲ್ಲಿ ಅವನ ಹೆಂಡತಿ, ಸತ್ತವನ ಅಕ್ಕ, ಅತ್ತು ಊದಿದ ಮುಖದಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಇನ್ಸ್‌ಪೆಕ್ಟರ್ ಕಣ್ಣು ಬಟ್ಟೆ ಹರವಿದ್ದ ಪೈಪಿನ ತುದಿಗೆ ಹೋಯಿತು. ಅಲ್ಲಿ ಅದೇ ಹೊಲಿಗೆಯಂಥ ಬೆಸುಗೆಯ ಅರ್ಧ ಉಳಿದಿತ್ತು. ಅಳೆದರೆ ಎರಡೂವರೆ.

"ಇದನ್ನ ಯಾರು ಹಾಕಿದ್ದಮ್ಮ?"

"ನಮ್ಮನೆಯವರೇ, ಹೋದ ತಿಂಗಳು. ಹಗ್ಗ ಜೋತುಬೀಳುತ್ತೆ ಅಂತಿದ್ದೆ. ಎಲ್ಲಿಂದಲೋ ಗಟ್ಟಿ ಪೈಪ್ ತಂದು ಹಾಕ್ಕೊಟ್ರು."

ಇನ್ಸ್‌ಪೆಕ್ಟರ್ ಕೊಲೆಗಳನ್ನು ಕಂಡಿದ್ದ ಮನುಷ್ಯ. ಇಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಮಾಲೀಕನತ್ತ ತಿರುಗಿದಾಗ ಬೆಳಗಿನ ಬಹುವಚನ ಬಾಯಿಗೆ ಬರಲಿಲ್ಲ.

"ಯಾಕೆ ಬದಲಾಯಿಸಿದೆ?"

ಅವನು ಪೈಪು ನೋಡಿದ, ನೆಲ ನೋಡಿದ. "ತೂಕ ಸಾರ್. ಆರು ಕಿಲೋ ಇಳಿಯುತ್ತೆ. ಹೋದ ವರ್ಷ ಎರಡೇ ಸೆಕೆಂಡಲ್ಲಿ ಕಪ್ ಕೈತಪ್ಪಿತು."

ಹೆಡ್ ಕಾನ್‌ಸ್ಟೇಬಲ್ ಅವನ ಹೊಟ್ಟೆಯನ್ನೇ ದಿಟ್ಟಿಸಿದರು. "ಆರು ಕಿಲೋ ಇಲ್ಲೇ ಇತ್ತಲ್ಲಪ್ಪ."

"ನಿನ್ನ ಕಡೆಯದನ್ನ ಯಾಕೆ ತೆಗೀಲಿಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಓಡಿಸೋನು ನಾನಲ್ವಾ ಸಾರ್."

"ಅವನಿಗೆ ಹೇಳಿದ್ದೆಯಾ?"

"ಹೇಳಿದ್ರೆ ಕೂರ್ತಿದ್ನಾ?"

ಐದು ಗಂಟೆ ಹತ್ತು ನಿಮಿಷಕ್ಕೆ ಬಂಧನವಾಯಿತು. ವೆಲ್ಡರ್‌ಗೆ ಟೀ ಕೊಡಿಸಿ ಮನೆಗೆ ಬಿಟ್ಟುಬರುವಂತೆ ಇನ್ಸ್‌ಪೆಕ್ಟರ್ ಠಾಣೆಗೆ ಫೋನ್ ಮಾಡಿದರು. ಡೈರಿಯಲ್ಲಿ ಕಾರಣ ಎಂಬಲ್ಲಿ "ಎರಡು ಸೆಕೆಂಡು" ಎಂದು ಬರೆದರು. ಅದಕ್ಕಿಂತ ಹೆಚ್ಚು ಬರೆಯುವುದಕ್ಕೆ ಏನೂ ಇರಲಿಲ್ಲ.

ಹೆಂಡತಿ ಜೀಪಿನ ಹತ್ತಿರ ಬಂದಳು. ಒದ್ದೆ ಬಟ್ಟೆ ಇನ್ನೂ ತೋಳಿನ ಮೇಲಿತ್ತು.

"ಹೋದ ವಾರ ಪೇಟೆಗೆ ಕರ್ಕೊಂಡು ಹೋದ್ರಲ್ಲ. ಆಗ ಅದೇ ಸೀಟಲ್ಲಿ ನಾನು ಕೂತಿದ್ದೆ."

"ಅವತ್ತು ನಿಧಾನಕ್ಕೆ ಓಡಿಸಿದ್ದೆ ಕಣೆ," ಎಂದ ಅವನು.